ಕುದುರೆಯ ಓದು

ಕನ್ನಡದಲ್ಲಿ ಪಳಗಿಸುವುದು ಎಂಬುದೊಂದು ಮಾತುಂಟು. ಪ್ರಾಣಿಯನ್ನು ಕಟ್ಟಿಹಾಕಿ ಅದರ ಕೊಬ್ಬನ್ನಡಗಿಸುವುದೆಂದೇ ಇದಕ್ಕೆ ಅರ್ಥವೆಂದು ಬಹುಮಂದಿ ಬಗೆಯುತ್ತಾರೆ. ಆದರೆ ಪಳಗು ಎಂದರೆ ಅಭ್ಯಾಸದಿಂದ ನುರಿತು ಬರುವುದು. ಪಳಗಿದ ಕೈ ಎನ್ನುವಾಗ ಆ ಕೈಯನ್ನು ಯಾರೋ ಬಡಿದು ಬಗ್ಗಿಸಿದರೆಂದು ತಿಳಿಯುವುದಿಲ್ಲವಷ್ಟೆ. ಕುದುರೆಯ ವಿಷಯದಲ್ಲಿ ಈ ಎರಡನೆಯ ಅರ್ಥವೇ ಸಾಧುವಾದುದು; ಮೇಲಾಗಿ ಅಲ್ಲಿ ಪಳಗಬೇಕಾದವರು ಇಬ್ಬರು.

ಪ್ರಾಯಕ್ಕೆ ಬಂದ ಸವಾರಿಕುದುರೆ ನಾನೂರು ಐನೂರು ಕಿಲೋಗ್ರಾಂ ತೂಗುತ್ತದೆ. ಅದರ ಮುಂದೆ ಮನುಷ್ಯನ ಬಾಹುಬಲ ಯಾವ ಲೆಕ್ಕಕ್ಕೂ ಬಾರದು. ಇಷ್ಟಾದರೂ ಈ ಪ್ರಾಣಿ ಹುಟ್ಟಿನಿಂದ ಭೀರು. ಕೊಂಬಿಲ್ಲದ, ಕೋರೆಯಿಲ್ಲದ, ಹುಲ್ಲು ಮೇಯುವ ಜೀವಕ್ಕೆ ಅಪಾಯದಲ್ಲಿ ಓಟವೇ ಮೊದಲ ಗತಿ. ಅದಕ್ಕೆ ತಕ್ಕಂತೆ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ನಿಂತಲ್ಲಿಂದಲೇ ಸುತ್ತಲಿನ ಬಹುಭಾಗವನ್ನು ನೋಡಬಲ್ಲವು. ಬೆನ್ನ ಹಿಂದೆಯೂ ಹಣೆಯ ನೇರ ಮುಂದೆಯೂ ಮಾತ್ರ ಕಾಣದ ಎಡೆ ಸ್ವಲ್ಪವುಂಟು. ಎರಡು ಕಿವಿಗಳೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ಚರ್ಮವಾದರೋ ನೊಣವೊಂದು ಕುಳಿತರೆ ಆ ಎಡೆಯೊಂದನ್ನೇ ಅದುರಿಸಿ ಅದನ್ನೆಬ್ಬಿಸುತ್ತದೆ. ನೊಣದ ಭಾರವನ್ನರಿಯುವ ಮೈಗೆ ಚಾವಟಿಯಿಂದ ಪಾಠ ಹೇಳುವುದು, ಪಿಸುಮಾತನ್ನು ಕೇಳಬಲ್ಲ ಕಿವಿಯಲ್ಲಿ ನಗಾರಿ ಬಾರಿಸಿದಂತೆ.

ಆದಕಾರಣ ಬಲ್ಲ ರಾವುತನು ಮೊದಲ ದಿನವೇ ಜೀನು ಹೊರಿಸಲು ಹೋಗುವುದಿಲ್ಲ. ಅವನ ಪಾಠ ನೆಲದ ಮೇಲೆ ಮೊದಲಾಗುತ್ತದೆ. ಹಿಂದಿನಿಂದ ಹೋಗದೆ, ನೇರ ಎದುರಿಗೂ ನಿಲ್ಲದೆ, ಮೆಲ್ಲನೆ ಮಾತನಾಡುತ್ತ ಭುಜದ ಕಡೆಯಿಂದ ಸಮೀಪಿಸುತ್ತಾನೆ. ಕೊರಳು, ಬೆನ್ನು, ಕಾಲುಗಳನ್ನು ನೀವುತ್ತಾನೆ, ಮೈ ಉಜ್ಜುತ್ತಾನೆ, ಗೊರಸನ್ನೆತ್ತಿ ಮಣ್ಣು ತೆಗೆಯುತ್ತಾನೆ. ಓಟದಿಂದಲೇ ಬದುಕುವ ಪ್ರಾಣಿ ತನ್ನ ಕಾಲನ್ನು ಮತ್ತೊಬ್ಬನ ಕೈಗೆ ಕೊಟ್ಟಿತೆಂದರೆ ಪ್ರಾಣವನ್ನೇ ಅವನ ವಶಕ್ಕೆ ಕೊಟ್ಟಿತೆಂದು ತಿಳಿಯಬೇಕು.

ಬಳಿಕ ಹಗ್ಗದ ಪಾಠ. ರಾವುತನು ಹಗ್ಗವನ್ನು ತುಸು ಬಿಗಿಹಿಡಿಯುತ್ತಾನೆ. ಕುದುರೆ ಅರ್ಧ ಹೆಜ್ಜೆ ಬಂದರೂ ಆ ಕ್ಷಣವೇ ಸಡಿಲಿಸುತ್ತಾನೆ. ಈ ವಿದ್ಯೆಯ ಗುಟ್ಟೆಲ್ಲ ಇಷ್ಟರಲ್ಲಿದೆ. ಬಿಗಿ ಪ್ರಶ್ನೆ, ಸಡಿಲವೇ ‘ಸರಿ’ ಎಂಬ ಮಾತು. ಸಡಿಲಿಸುವುದು ತಡವಾದರೆ ಯಾವುದು ಸರಿಯಾಯಿತೆಂಬುದು ಕುದುರೆಗೆ ತಿಳಿಯದು; ಅದು ತಲೆಕೊಡವಿ ಹಿಂದಕ್ಕೆಳೆದಾಗ ಸಡಿಲಿಸಿದರೆ ಹಿಂದಕ್ಕೆಳೆಯುವುದನ್ನೇ ಕಲಿತುಕೊಳ್ಳುತ್ತದೆ. ಹೀಗೆ ಕುದುರೆಯ ದುರಭ್ಯಾಸಗಳಲ್ಲಿ ಎಷ್ಟೋ ರಾವುತನ ಕೈಯ ತಪ್ಪುಗಳೇ. ಅನಂತರ ಉದ್ದ ಹಗ್ಗದಲ್ಲಿ ಮಂಡಲಾಕಾರವಾಗಿ ನಡಿಗೆ, ಕುಕ್ಕುಲೋಟ, ನಿಲುಗಡೆ. ಎಡಕ್ಕೆಷ್ಟೋ ಬಲಕ್ಕೂ ಅಷ್ಟು. ಏಕೆಂದರೆ ಎಡಗಣ್ಣಿನಿಂದ ಕಂಡು ಒಪ್ಪಿಕೊಂಡ ವಸ್ತುವಿಗೇ ಬಲಗಣ್ಣಿನಿಂದ ಕಂಡಾಗ ಅದು ಬೆಚ್ಚುವುದುಂಟು. ಇದಾದ ಮೇಲೆ ಕಂಬಳಿ, ಆಮೇಲೆ ಜೀನು, ಆಮೇಲೆ ಬೆನ್ನಿನ ಮೇಲೆ ಅರೆಭಾರ, ಕಟ್ಟಕಡೆಗೆ ಸವಾರ. ಆ ವೇಳೆಗೆ ಹೊಸತಾಗಿ ಕಲಿಯತಕ್ಕದ್ದು ಸ್ವಲ್ಪ. ಹಗ್ಗದ ಮಾತು ಲಗಾಮಿಗೂ, ಕೈಯ ಸನ್ನೆ ಸವಾರನ ಕಾಲಿಗೂ ಬಂದಿರುತ್ತದೆ.

ಇದು ಇಂದು ನಿನ್ನೆಯ ವಿದ್ಯೆಯಲ್ಲ. ಕ್ರಿ. ಪೂ. ೧೪ನೆಯ ಶತಮಾನದ ಸುಮಾರಿಗೆ ಮಿತನ್ನಿ ದೇಶದ ಕಿಕ್ಕುಲಿಯೆಂಬ ಅಶ್ವಶಿಕ್ಷಕನ ಉಪದೇಶವನ್ನು ಹಿತ್ತೈಟರು ಮಣ್ಣಿನ ಹಲಗೆಗಳ ಮೇಲೆ ಬರೆಸಿಟ್ಟರು. ರಥದ ಕುದುರೆಗಳನ್ನು ಆರು ತಿಂಗಳಿಗೂ ಮೇಲ್ಪಟ್ಟು ದಿನದಿನವೂ ಹೇಗೆ ನಡೆಸಬೇಕು, ಓಡಿಸಬೇಕು, ತೊಳೆಯಬೇಕು, ಯಾವಾಗ ಕಂಬಳಿ ಹೊದಿಸಬೇಕೆಂಬುದೆಲ್ಲ ಅಲ್ಲಿದೆ. ಸುತ್ತುಗಳ ಎಣಿಕೆಗೆ ಅವನು ಬಳಸಿದ ಐಕ, ತೆರ, ಪಂಜ, ಸತ್ತ, ನ ಎಂಬ ಶಬ್ದಗಳೂ ವರ್ತನ ಎಂಬ ಪದವೂ ಸಂಸ್ಕೃತ ಬಲ್ಲವನಿಗೆ ಆ ದೂರದೇಶದಲ್ಲಿ ನೆಂಟರನ್ನು ಕಂಡಂತೆ ತೋರುತ್ತವೆ. ಮೈಸೂರಿನ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಅಶ್ವಾಧ್ಯಕ್ಷನಿಗೆಂದೇ ಒಂದು ಅಧ್ಯಾಯವಿದ್ದು, ವಲ್ಗನ, ಲಂಘನ, ಧೋರಣ ಮುಂತಾದ ಗತಿಭೇದಗಳು ಅಲ್ಲಿ ಹೇಳಲ್ಪಟ್ಟಿವೆ. ಗ್ರೀಕರ ಝೆನೊಫನ್ ಕ್ರಿ. ಪೂ. ೪ನೆಯ ಶತಮಾನದಲ್ಲಿ ಬರೆದ ಅಶ್ವಗ್ರಂಥದಲ್ಲಿ, ಕೋಪದಿಂದಿರುವಾಗ ಕುದುರೆಯ ಬಳಿ ವ್ಯವಹರಿಸಲೇಬಾರದೆಂದು ವಿಧಿಸಿದ್ದಾನೆ. ಕುದುರೆ ಯಾವುದಕ್ಕಾದರೂ ಹೆದರಿದರೆ ಹೊಡೆಯದೆ, ತಾನೇ ಅದನ್ನು ಮುಟ್ಟಿ ತೋರಿಸಿ, ಮೆಲ್ಲಗೆ ಹತ್ತಿರಕ್ಕೆ ಕರೆದೊಯ್ಯಬೇಕೆಂಬುದೂ ಅವನ ಮತ. ಹೊಡೆದರೆ ಭಯದ ಮೇಲೆ ನೋವೂ ಸೇರಿ, ಆ ವಸ್ತುವೇ ನೋವಿಗೆ ಕಾರಣವೆಂದು ಅದು ನಂಬಿಬಿಡುತ್ತದೆ.

ಬ್ಯುಸೆಫಲಸ್ ಎಂಬ ಕುದುರೆಯ ಕಥೆಯನ್ನು ಪ್ಲುಟಾರ್ಕನು ಹೇಳಿದ್ದಾನೆ. ಯಾರನ್ನೂ ಹತ್ತಗೊಡದ ಆ ಕುದುರೆ ತನ್ನ ನೆರಳಿಗೇ ಬೆದರುತ್ತಿದೆಯೆಂಬುದನ್ನು ಬಾಲಕ ಅಲೆಗ್ಸಾಂಡರನೊಬ್ಬನೇ ಕಂಡನಂತೆ; ಅದರ ಮುಖವನ್ನು ಸೂರ್ಯನ ಕಡೆಗೆ ತಿರುಗಿಸಿ, ಪಕ್ಕದಲ್ಲಿಯೇ ನಡೆದು, ನೀವಿ, ಆಮೇಲೆ ಹತ್ತಿದನಂತೆ. ಉಳಿದವರೆಲ್ಲ ಕುದುರೆಯ ಹಟವನ್ನು ನೋಡಿದರು. ಅವನು ಹಟದ ಕಾರಣವನ್ನು ನೋಡಿದನು.

ಇದಕ್ಕಿಂತಲೂ ಮನಸ್ಸನ್ನು ಕಲಕುವ ವೃತ್ತಾಂತವೊಂದು ನಮಗೆ ಸಮೀಪದ ಕಾಲದ್ದು. ಬರ್ಲಿನ್ ನಗರದಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ನಿವೃತ್ತ ಉಪಾಧ್ಯಾಯನು ತನ್ನ ಹಾನ್ಸ್ ಎಂಬ ಕುದುರೆಗೆ ಗಣಿತ ಕಲಿಸಲು ಹೊರಟನು. ಕಪ್ಪುಹಲಗೆ, ಎಣಿಸುವ ಗುಂಡುಗಳು, ಸರಿಯುತ್ತರಕ್ಕೆ ರೊಟ್ಟಿಯ ಚೂರು, ಗಜ್ಜರಿ, ಹೀಗೆ ಶಾಲೆಯ ಸಂಭ್ರಮವೆಲ್ಲ ಅಂಗಳದಲ್ಲಿ ನಡೆಯಿತು. ಹಲವು ವರ್ಷಗಳ ಮೇಲೆ ಹಾನ್ಸ್ ಕೂಡುವ ಕಳೆಯುವ ಲೆಕ್ಕಗಳಿಗೆ ಗೊರಸಿನಿಂದ ನೆಲವನ್ನು ತಟ್ಟಿ ಉತ್ತರ ಕೊಡತೊಡಗಿತು. ೧೯೦೪ರಲ್ಲಿ ಪರೀಕ್ಷಿಸಿದ ಪಂಡಿತಮಂಡಲಿಗೆ ಮೋಸವೇನೂ ಕಾಣಲಿಲ್ಲ, ನಿಜಕ್ಕೂ ಮೋಸವಿರಲಿಲ್ಲ. ಬಳಿಕ ಆಸ್ಕರ್ ಫುಂಗ್ಸ್ಟ್ ಎಂಬಾತನು ಪರೀಕ್ಷೆಗಳನ್ನು ನಡೆಸಿ ೧೯೦೭ರಲ್ಲಿ ಅದರ ಮರ್ಮವನ್ನು ಪ್ರಕಟಿಸಿದನು. ಪ್ರಶ್ನೆ ಹಾಕಿದವನಿಗೇ ಉತ್ತರ ತಿಳಿಯದಿದ್ದರೆ ಕುದುರೆಗೂ ತಿಳಿಯುತ್ತಿರಲಿಲ್ಲ. ಅವನು ಕಣ್ಣಿಗೆ ಬೀಳದಿದ್ದರೂ ತಿಳಿಯುತ್ತಿರಲಿಲ್ಲ. ಪ್ರಶ್ನೆ ಮುಗಿದೊಡನೆ ಗೊರಸನ್ನು ನೋಡಲು ಅವನ ತಲೆ ಕೂದಲೆಳೆಯಷ್ಟು ಬಾಗುತ್ತಿತ್ತು. ಸರಿಯಾದ ಎಣಿಕೆ ಬಂದೊಡನೆ ಅಷ್ಟೇ ಸೂಕ್ಷ್ಮವಾಗಿ ಮೇಲೇಳುತ್ತಿತ್ತು. ಅವನಿಗೇ ಅರಿವಿಲ್ಲದ ಈ ಚಲನೆಯನ್ನು ಹಾನ್ಸ್ ಓದುತ್ತಿತ್ತು. ಇದನ್ನರಿತ ಮೇಲೂ ಫುಂಗ್ಸ್ಟನಿಗೆ ತನ್ನ ತಲೆಯನ್ನು ಅಲುಗದಂತೆ ನಿಲ್ಲಿಸುವುದು ಸಾಧ್ಯವಾಗಲಿಲ್ಲ.

ಲೋಕವು ಇದನ್ನು ಕೇಳಿ ಕುದುರೆಗೆ ಗಣಿತ ಬಾರದೆಂದು ನಕ್ಕಿತು. ಉಪಾಧ್ಯಾಯನು ಆ ನಿರ್ಣಯವನ್ನು ಒಪ್ಪದೆ ೧೯೦೯ರಲ್ಲಿ ತೀರಿಕೊಂಡನು. ಆದರೆ ಯೋಚಿಸಿ ನೋಡಿದರೆ ಆ ಮುದುಕನು ಬೇಡಿದುದಕ್ಕಿಂತ ದೊಡ್ಡ ವಸ್ತುವೇ ಅವನಿಗೆ ದೊರಕಿತ್ತು. ಅಂಕಗಳ ಗೊಡವೆಯಿಲ್ಲದ ಒಂದು ಜೀವ, ವರ್ಷಗಟ್ಟಲೆ ಅವನ ಮುಖವನ್ನೇ ಏಕಾಗ್ರತೆಯಿಂದ ಅಧ್ಯಯನ ಮಾಡಿತ್ತು. ಅವನು ಕಲಿಸುತ್ತಿದ್ದೇನೆಂದು ಬಗೆದುದೊಂದು; ಶಿಷ್ಯನು ಕಲಿತುದು ಮತ್ತೊಂದು. ಪಾಠ ಹೇಳಿದವರೆಲ್ಲರೂ ಈ ಮಾತನ್ನು ತಮ್ಮ ಮನಸ್ಸಿನಲ್ಲಿ ತೂಗಿ ನೋಡತಕ್ಕದ್ದು. ಪುಸ್ತಕದ ಪಾಠಕ್ಕೆ ಮುಂಚೆ ಮಕ್ಕಳು ಓದುವುದು ಗುರುವಿನ ಹುಬ್ಬನ್ನು.

ಹಾನ್ಸನ ಈ ಓದೇ ಪ್ರತಿಯೊಂದು ಲಾಯದಲ್ಲಿಯೂ ನಡೆಯುತ್ತಿದೆ. ರಾವುತನ ಉಸಿರು ಬಿಗಿದರೆ ಕುದುರೆಯ ಬೆನ್ನು ಬಿಗಿಯುತ್ತದೆ. ಅವನು ನೋಡಿದ ಕಡೆಗೆ ಅದರ ಕಿವಿ ತಿರುಗುತ್ತದೆ. ಮೈಸೂರಿನಲ್ಲಿ ದಸರೆಗೆ ಮುಂಚೆ ಆನೆಗಳೊಡನೆ ಅಶ್ವದಳದ ಕುದುರೆಗಳಿಗೂ ಫಿರಂಗಿಯ ಶಬ್ದದ ತಾಲೀಮು ನಡೆಯುತ್ತದೆ. ಗುಂಡು ಹಾರಿದಾಗ ಹೊಸ ಕುದುರೆ ಬೆಚ್ಚುವುದು ಸಹಜ. ಆಗ ಬೆನ್ನ ಮೇಲಿರುವವನೂ ಬೆಚ್ಚಿ ಲಗಾಮನ್ನು ಜಗ್ಗಿದನೋ, ಕುದುರೆಯ ಸಂದೇಹ ಸಿದ್ಧಾಂತವಾಗುತ್ತದೆ. ಅವನ ಕಾಲು ಮೆತ್ತಗಿದ್ದು ಕೈ ನಿಶ್ಚಲವಾಗಿದ್ದರೆ, ಇದು ಪ್ರಳಯವಲ್ಲವೆಂದು ಅದಕ್ಕೆ ಮೆಲ್ಲಮೆಲ್ಲನೆ ಮನವರಿಕೆಯಾಗುತ್ತದೆ. ೧೯೧೮ನೆಯ ಸೆಪ್ಟೆಂಬರ್ ೨೩ರಂದು ಹೈಫಾ ನಗರದ ಮೇಲೆ ಏರಿಹೋದ ಮೈಸೂರು ಮತ್ತು ಜೋಧಪುರದ ಅಶ್ವಸೈನ್ಯಗಳ ಕುದುರೆಗಳು ಫಿರಂಗಿ ಬಂದೂಕುಗಳಿಗೆ ಎದುರಾಗಿ ಓಡಿದುವು. ಓಡಿ ತಪ್ಪಿಸಿಕೊಳ್ಳುವ ಸ್ವಭಾವದ ಪ್ರಾಣಿ ಸಾವಿನ ಕಡೆಗೆ ಓಡಿತು.

ಇದರಲ್ಲಿಯೇ ಅಶ್ವವಿದ್ಯೆಯ ಕೀರ್ತಿಯೂ ಇದೆ, ಭಾರವೂ ಇದೆ. ಭಯದಿಂದ ವಶವಾದ ಕುದುರೆ ಹೆಚ್ಚಿನ ಭಯ ಬಂದೊಡನೆ ಕೈಬಿಟ್ಟುಹೋಗುತ್ತದೆ. ನಂಬಿಕೆಯಿಂದ ವಶವಾದುದು ಎಲ್ಲಿಗೆ ಕರೆದರೂ ಬರುತ್ತದೆ. ಎಲ್ಲಿಗೆ ಕರೆದರೂ ಬರುವುದರಿಂದಲೇ, ಎಲ್ಲಿಗೆ ಕರೆಯಬೇಕೆಂಬ ಧರ್ಮಚಿಂತೆಯೆಲ್ಲ ಕರೆಯುವವನ ಪಾಲಿಗೆ ಉಳಿಯುತ್ತದೆ. ನಂಬಿಸುವ ವಿದ್ಯೆಯನ್ನು ಕಲಿತವನು ನಂಬಿಕೆಗೆ ಪಾತ್ರನಾಗುವ ವಿದ್ಯೆಯನ್ನೂ ಕಲಿಯಬೇಕು. ಮೊದಲನೆಯದಕ್ಕೆ ಕೆಲವು ತಿಂಗಳು ಸಾಕು. ಎರಡನೆಯದಕ್ಕೆ ಆಯುಷ್ಯವೇ ಬೇಕು.