ಕೊಟ್ಟು ತಗೊಂಡ ಲೆಕ್ಕ

ಹೋದ ಬೇಸಿಗೆ ರಜೆಯಲ್ಲಿ ನಾನೂ ಟ್ರೇಡ್ ಆದೆ! ಐಪಿಎಲ್‌ನಲ್ಲಲ್ಲ, ಶಿಗ್ಗಾಂವಿಯ ಟೆನಿಸ್ ಬಾಲ್ ಟೂರ್ನಿಯಲ್ಲಿ. "ಲೇ, ಈ ಸಲ ನೀ ಸವಣೂರಿನವರ ಕಡೆ ಆಡು. ಅವರ ಫಾಸ್ಟ್ ಬೌಲರ್ ನಮಗ ಬರ್ತಾನ" ಅಂದ ನಮ್ಮ ಹಾನಗಲ್ ಕ್ಯಾಪ್ಟನ್. ಅಲ್ಲಿ ನಕ್ಕೆ. ರಾತ್ರಿ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಹಾಸ್ಟೆಲ್‌ನಲ್ಲಿ ಇಂಥ ಲೆಕ್ಕ ಹಾಕೋನು ನಾನೇ. 2023ರ ನವೆಂಬರ್‌ನಲ್ಲಿ ರಾಜಸ್ಥಾನ ತಂಡ ನಮ್ಮ ದೇವದತ್ತ ಪಡಿಕ್ಕಲ್‌ರನ್ನು ಲಖನೌಗೆ ಕೊಟ್ಟು ಆವೇಶ್ ಖಾನ್‌ರನ್ನು ತಗೊಂಡಿತು. 2024ರಲ್ಲಿ ಆವೇಶ್ 19 ವಿಕೆಟ್, ಪಡಿಕ್ಕಲ್ 7 ಪಂದ್ಯದಲ್ಲಿ 38 ರನ್. "ರಾಜಸ್ಥಾನಕ್ಕೇ ಲಾಭ" ಅಂತ ಒಂದೇ ನಿಮಿಷದಲ್ಲಿ ತೀರ್ಪು ಕೊಟ್ಟಿದ್ದೆ. 2020ರಲ್ಲಿ ಆರ್‌ಸಿಬಿ ಓಪನರ್ ಆಗಿ 473 ರನ್ ಹೊಡೆದವರೂ ಇವರೇ ಅನ್ನೋದು ನೆನಪಿಗೇ ಬರಲಿಲ್ಲ. 2025ಕ್ಕೆ ಆರ್‌ಸಿಬಿ ಅವರನ್ನು ಮೂಲ ಬೆಲೆ 2 ಕೋಟಿಗೆ ವಾಪಸ್ ತಗೊಂಡಿತು. ಮೂರನೇ ನಂಬರಿನಲ್ಲಿ ಆಡಿ, ಗಾಯ ಆಗೋವರೆಗೆ 247 ರನ್ ಹೊಡೆದರು.

ನನ್ನ ಕಥೆ? ಹಾನಗಲ್ ವಿರುದ್ಧ 4 ರನ್. ಔಟ್ ಮಾಡಿದವನು ಅದೇ ಬೌಲರ್! ನನ್ನ ಹಳೇ ಟೀಮ್ ಕುಣಿಯಿತು. ಸ್ಕೋರ್‌ಬುಕ್ ನೋಡಿದರೆ ಹಾನಗಲ್‌ಗೇ ಲಾಭ, ಸುಳ್ಳಲ್ಲ.

ಮರುದಿನ ಹಿರೇಕೆರೂರಿನವರ ಜೊತೆ ಮ್ಯಾಚ್. ನನ್ನನ್ನು ಹೊರಗೆ ಕೂರಿಸ್ತಾರೆ ಅಂತ ಶೂ ಲೇಸ್ ಕೂಡ ಕಟ್ಟಿರಲಿಲ್ಲ. ಸವಣೂರಿನ ಕ್ಯಾಪ್ಟನ್ ಬ್ಯಾಟ್ ಕೈಗಿಟ್ಟು, "ಮೂರನೇ ನಂಬರ್ ನಿಂದ, ಹೋಗು" ಅಂದ. 31 ಹೊಡೆದೆ. ಆದರೂ ಸೋತೆವು.

ಈಗಲೂ ಟ್ರೇಡ್ ಸುದ್ದಿ ಬಂದರೆ ಹಾಸ್ಟೆಲ್‌ನಲ್ಲಿ ಲೆಕ್ಕ ಶುರು. ನಾನು ಮೊದಲು ಕೇಳೋದು ಒಂದೇ: ಅವನನ್ನು ಯಾವ ನಂಬರಿನಲ್ಲಿ ಆಡಿಸ್ತಾರಂತೆ?