ಬ್ಯೂಗಲ್ಲಿನ ಐದು ಸ್ವರಗಳು

ನಮ್ಮ ಶಾಲೆಯ ಬ್ಯಾಂಡ್ ಸೆಟ್ಟಿಗೆ ಹಣ ವಿನಿಯೋಗಿಸುವುದು ಸಲ್ಲದು, ಅದು ವಿಲಾಯಿತಿ ವಾದ್ಯ, ಆ ಹಣದಿಂದ ಇನ್ನೆರಡು ಕಂಪ್ಯೂಟರ್ ಬರುತ್ತವೆ ಎಂದು ಹಿರಿಯ ಭಕ್ತರೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಅವರಿಗೆ ಬರೆಯಹೊರಟ ಉತ್ತರ ಉದ್ದವಾಯಿತು. ನಿಮ್ಮಲ್ಲಿ ಅನೇಕರು ಹಳೆಯ ವಿದ್ಯಾರ್ಥಿಗಳಾದುದರಿಂದ ಅದನ್ನು ನಿಮ್ಮ ಮುಂದೆಯೇ ಇಡುತ್ತಿದ್ದೇವೆ.

ಪೂರ್ವಾಶ್ರಮದಲ್ಲಿ ನಾವು ಪ್ರೌಢಶಾಲೆ ಓದಿದ್ದು ರಾಜಾಜಿನಗರದಲ್ಲಿ, 1982ರಿಂದ 1985ರವರೆಗೆ. ಸ್ವಾತಂತ್ರ್ಯೋತ್ಸವ ಸಮೀಪಿಸಿತೆಂದರೆ ಸುತ್ತಿನ ಶಾಲೆಗಳಿಗೆ ಪಥಸಂಚಲನದ ಸ್ಪರ್ಧೆ. ವಿಜಯನಗರ, ಬಸವೇಶ್ವರನಗರಗಳಿಂದ ಹುಡುಗರು ಬರುತ್ತಿದ್ದರು. 2021ರಿಂದ ಮೆಟ್ರೋ ಓಡುತ್ತಿರುವ ಕೆಂಗೇರಿಯಿಂದ ಆಗ ಬಸ್ಸೇ ಗತಿ. ಕಂಡಕ್ಟರು ಬಿಗ್ ಡ್ರಮ್ಮಿಗೂ ಟಿಕೀಟು ಕೇಳುತ್ತಿದ್ದನಂತೆ. ಹಿಂದಿನ ದಿನ ಹುಣಸೆಹಣ್ಣು ತಿಕ್ಕಿ ಹಿತ್ತಾಳೆಯನ್ನು ಬೆಳಗಬೇಕು. ಆಗಸ್ಟಿನ ತುಂತುರುಮಳೆಗೆ ಚರ್ಮ ಸಡಿಲಗೊಂಡು ಡ್ರಮ್ಮು ಮೂಕವಾಗುತ್ತಿತ್ತು. ಹಳೆಯ ಕಾಗದ ಉರಿಸಿ ಅದನ್ನು ಕಾಯಿಸುವುದು ಕಿರಿಯರ ಪಾಲಿನ ಸೇವೆ.

ಬ್ಯೂಗಲ್ಲಿಗೆ ರಂಧ್ರವಿಲ್ಲ, ಒತ್ತುವ ಕೀಲಿಯಿಲ್ಲ. ತುಟಿಯ ಬಿಗಿಯಿಂದಲೂ ಉಸಿರಿನ ಬಲದಿಂದಲೂ ಮಾತ್ರವೇ ಸ್ವರ ಬದಲಾಗಬೇಕು. ವಾಡಿಕೆಯಲ್ಲಿ ದೊರೆಯುವುದು ಐದು: ಸ, ಪ, ಮೇಲಿನ ಸ, ಗ, ಪ. ರಿ, ಮ, ದ, ನಿಗಳಿಗೆ ಅಲ್ಲಿ ಎಡೆಯಿಲ್ಲ. ನಮ್ಮ ಕೊಂಬು ಕಹಳೆಗಳ ಧರ್ಮವೂ ಇದೇ. ಆದುದರಿಂದ ವಿಲಾಯಿತಿ ಎಂಬ ಆಕ್ಷೇಪ ಪೂರ್ತಿಯಾಗಿ ನಿಲ್ಲದು. ನಂದಿಕೋಲಿನ ಮುಂದೆ ಕರಡೆ ಬಾರಿಸುವವನೂ ಸೈಡ್ ಡ್ರಮ್ಮಿನ ಹುಡುಗನೂ ಕಾಯುವುದು ನಡಿಗೆಯನ್ನೇ. ಅಮೆರಿಕದಲ್ಲಿ ಮೊದಲನೆಯ ಮಹಾಯುದ್ಧದಿಂದ ಮರಳಿದ ಯೋಧರು ಇಂಥ ಡ್ರಮ್ಮು-ಬ್ಯೂಗಲ್ ತಂಡಗಳನ್ನು ಕಟ್ಟಿದರು. 1972ರಲ್ಲಿ ವಿಸ್ಕಾನ್ಸಿನ್ನಿನ ವೈಟ್‌ವಾಟರಿನಲ್ಲಿ ಅಲ್ಲಿನ ತರುಣ ತಂಡಗಳ ಮಹಾಸ್ಪರ್ಧೆ ಆರಂಭವಾಯಿತು. ಆ ವೈಭವ ನಮಗೆಲ್ಲಿಯದು! ನಮ್ಮ ಶಾಲೆಗಿದ್ದುದು ಎರಡೇ ಬ್ಯೂಗಲ್, ಊದುವ ಹುಡುಗರು ಎಂಟು.

ಒಬ್ಬನು ಊದಿದ್ದನ್ನು ಇನ್ನೊಬ್ಬನು ಊದಬೇಕು. ಎಂಜಲು! ನಮ್ಮ ಅಜ್ಜಿಯವರು ಊಟ ಬಿಟ್ಟು ಕುಳಿತರು. ಮೂರು ಮನೆಗಳ ಹಿರಿಯರು ಶಾಲೆಗೇ ಬಂದು, ತಮ್ಮ ಹುಡುಗರಿಗೆ ಬೇರೆ ಬ್ಯೂಗಲ್ ಕೊಡಿ, ಇಲ್ಲವೇ ಹೆಸರು ತೆಗೆಯಿರಿ ಎಂದರು. ಯಾರ ಎಂಜಲೆಂದು ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅವನ ತಂದೆ ಮೈಸೂರು ರಸ್ತೆಯ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದರು. ನಮ್ಮೆಲ್ಲರಿಗಿಂತ ಚೆನ್ನಾಗಿ ಊದುತ್ತಿದ್ದವನೂ ಅವನೇ. ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ಡ್ರಿಲ್ ಮಾಸ್ತರರು ವಾದಕ್ಕಿಳಿಯಲಿಲ್ಲ. ಆ ಹುಡುಗನ ಕೈಯಿಂದ ಬ್ಯೂಗಲ್ ತೆಗೆದುಕೊಂಡು, ಒರೆಸದೆ, ಆ ಹಿರಿಯರ ಎದುರಿನಲ್ಲೇ ತಾವು ಊದಿ ನಮ್ಮ ಕೈಗೆ ಕೊಟ್ಟರು. ನಾವು ಊದಿದೆವು. ಇಬ್ಬರು ತಂಡ ಬಿಟ್ಟರು. ಅಜ್ಜಿಯವರು ಮರುದಿನ ಸಂಜೆ ಊಟಕ್ಕೆದ್ದರು.

ಆ ವರ್ಷ ನಮಗೆ ಬಹುಮಾನ ಬರಲಿಲ್ಲ. ಮಳೆ ಸುರಿದು ಬಿಗ್ ಡ್ರಮ್ಮು ಕೈಕೊಟ್ಟಿತು. ಡ್ರಮ್ಮಿನ ಆಸರೆಯಿಲ್ಲದೆ ಆ ಹುಡುಗನ ಬ್ಯೂಗಲ್ಲೊಂದೇ ನಮ್ಮ ಸಾಲನ್ನು ಮೈದಾನದ ಆಚೆಯ ತುದಿಯವರೆಗೆ ನಡೆಸಿತು.

ಕಂಪ್ಯೂಟರ್ ಬೇಡವೆಂದು ನಾವು ಹೇಳುವವರಲ್ಲ, ಅದೂ ಬರಲಿದೆ. ಬ್ಯಾಂಡ್ ಸೆಟ್ಟನ್ನಂತೂ ಈ ವರ್ಷವೇ ಕೊಳ್ಳುತ್ತೇವೆ. ಎಂಟು ಬ್ಯೂಗಲ್ ಕೊಡಿಸಲು ಮುಂದೆ ಬಂದ ದಾನಿಗಳಿಗೆ ಎರಡೇ ಸಾಕೆಂದು ತಿಳಿಸಿದ್ದೇವೆ. ವೈದ್ಯರ ಸಲಹೆಯಂತೆ ಊದುವ ತುದಿಯನ್ನು ಪ್ರತಿಸಲವೂ ಬಿಸಿನೀರಿನಲ್ಲಿ ತೊಳೆಯಲಾಗುವುದು. ಅಭ್ಯಾಸ ಶನಿವಾರ ಸಂಜೆ 5 ಗಂಟೆಗೆ. ಮೊದಲ ತಿಂಗಳು ಹೊರಡುವ ಧ್ವನಿ ಕೋಣನ ಕೂಗಿಗೆ ಹತ್ತಿರವಾಗಿರುತ್ತದೆ. ನೆರೆಹೊರೆಯ ಭಕ್ತರು ಸಹಿಸಿಕೊಳ್ಳಬೇಕು.