ಹಿಮವನದ ಸೌರಭ

ಪರಿಮಳವೆಂದೊಡನೆ ಮನಸ್ಸು ಹೂವಿನತ್ತ ಹರಿಯುವುದು ಲೋಕರೂಢಿ. ಮಲ್ಲಿಗೆ, ಸಂಪಿಗೆ, ಕೇದಗೆಗಳಿಗೆ ಕವಿಗಳು ಸಲ್ಲಿಸಿರುವ ಮನ್ನಣೆ ಅಷ್ಟಿಷ್ಟಲ್ಲ. ಆದರೆ ಹೂವಿನ ಹಂಗಿಲ್ಲದೆ, ಸೂಜಿಯಂಥ ಎಲೆಗಳಿಂದಲೂ ತೊಗಟೆಯಿಂದಲೂ ಹೊಮ್ಮುವ ಸೌರಭವೊಂದುಂಟು. ಹಿಮಾಲಯದ ತಪ್ಪಲಿನ ಸರಲವೃಕ್ಷ, ಅಂದರೆ ಪೈನ್ ಮರ. ಅದಕ್ಕೂ ಮೇಲೆ, ಸುಮಾರು 1,500 ರಿಂದ 3,000 ಮೀಟರ್ ಎತ್ತರದಲ್ಲಿ ದೇವದಾರು. ಇನ್ನೂ ಮೇಲಿನ ಚಳಿಯಲ್ಲಿ ಫರ್ ಮರ. ಇಂತಹ ನಿತ್ಯಹಸುರಿನ ಮರಗಳ ಗಂಧವನ್ನೇ ಸುಗಂಧಕಾರರು ಸೀಸೆಗಳಲ್ಲಿ ತುಂಬಿ, ಚಳಿಗಾಲದ ಕಾಡೆಂದು ಲೋಕಕ್ಕೆ ನೀಡುತ್ತಾರೆ.

ಅದರ ಒಂದು ಹನಿಯನ್ನು ಮಣಿಕಟ್ಟಿಗೆ ಸವರಿಕೊಂಡವನಿಗೆ ಮೊದಲು ತಾಗುವುದು ನಿಂಬೆಯ ಸಿಪ್ಪೆಯನ್ನು ಹಿಂಡಿದಂಥ ಚುರುಕು. ಅದು ಹಾರಿಹೋದ ಮೇಲೆ ಕರ್ಪೂರದ ತಂಪು ಬೆರೆತ ಹಸುರು ವಾಸನೆ. ಬಹುಹೊತ್ತು ಉಳಿಯುವುದು ಒಣಮರದ, ರಾಳದ ಗಂಭೀರವಾದ ಕಂಪು. ಹಗುರವಾದ ದ್ರವ್ಯ ಮೊದಲು, ಭಾರವಾದುದು ತಡವಾಗಿ ಆವಿಯಾಗುವುದೇ ಈ ಕ್ರಮಕ್ಕೆ ಕಾರಣ. ಇಂಥ ತೈಲಗಳಲ್ಲಿರುವ ಟರ್ಪೀನುಗಳ ಗುಟ್ಟನ್ನು ಬಿಡಿಸಿದವರಲ್ಲಿ ಪ್ರಮುಖನಾದ ಜರ್ಮನಿಯ ಆಟೋ ವಾಲಾಖ್‌ಗೆ 1910ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಇಲ್ಲೊಂದು ಸೋಜಿಗವುಂಟು. ನಿಜವಾದ ಚಳಿಗಾಲದ ಕಾಡು ಸೀಸೆಯಷ್ಟು ಘಮಘಮಿಸದು. ಶೀತದಲ್ಲಿ ತೈಲ ಆವಿಯಾಗುವುದು ಕಡಿಮೆ. ಈ ಮರಗಳು ಧಾರಾಳವಾಗಿ ಕಂಪು ಬೀರುವುದು ಬೇಸಗೆಯ ಬಿಸಿಲಿನಲ್ಲಿ. ಚಳಿಗಾಲದಲ್ಲಿ ಹಿಮದ ಭಾರಕ್ಕೆ ಕೊಂಬೆ ಮುರಿದಾಗ, ಕೊಡಲಿಯ ಪೆಟ್ಟು ಬಿದ್ದಾಗ ಗಾಳಿಯೆಲ್ಲ ಪರಿಮಳಮಯವಾಗುತ್ತದೆ. ಪೆಟ್ಟಾದ ಕಡೆಗೆ ರಾಳ ಒಸರುತ್ತದೆ. ತೊಗಟೆ ಕೊರೆಯುವ ಕೀಟವನ್ನು ತಡೆದು ಗಾಯವನ್ನು ಮುಚ್ಚುತ್ತದೆ. ಅದು ಗಟ್ಟಿಯಾಗುವಾಗ ಬಿಟ್ಟುಹೋಗುವ ಆವಿಯೇ ನಾವು ಮೆಚ್ಚುವ ಕಂಪು.

ಈ ಮರ್ಮವನ್ನು ಕಾಳಿದಾಸನು ಬಲ್ಲನು. 'ಕುಮಾರಸಂಭವ'ದ ಮೊದಲ ಸರ್ಗದಲ್ಲಿ, ಆನೆಗಳು ಕಪೋಲದ ತುರಿಕೆಯನ್ನು ಕಳೆಯಲೆಂದು ಸರಲವೃಕ್ಷಗಳಿಗೆ ಮೈಯುಜ್ಜುತ್ತವೆ. ಒಸರಿದ ಹಾಲಿನಿಂದ ಗಿರಿಯ ತಪ್ಪಲು ಸುಗಂಧಿಯಾಗುತ್ತದೆ. 'ರಘುವಂಶ'ದ ಎರಡನೆಯ ಸರ್ಗದಲ್ಲಿಯೂ ಆನೆ ಮರಕ್ಕೆ ಉಜ್ಜುತ್ತದೆ. ಅಲ್ಲಿ ಕವಿ ಪರಿಮಳದ ಮಾತನ್ನೇ ಎತ್ತುವುದಿಲ್ಲ. ಸಿಪ್ಪೆ ಸುಲಿದ ಆ ದೇವದಾರು ಶಿವನು ಮಗನೆಂದು ಪರಿಗ್ರಹಿಸಿದ ಮರ. ರಾಕ್ಷಸರ ಅಸ್ತ್ರಗಳಿಂದ ಷಣ್ಮುಖನೇ ಗಾಯಗೊಂಡನೋ ಎಂಬಂತೆ ಪಾರ್ವತಿ ಶೋಕಿಸುತ್ತಾಳೆ. ಅಂದಿನಿಂದ ಆ ಮರಕ್ಕೆ ಕುಂಭೋದರನೆಂಬ ಸಿಂಹದ ಕಾವಲು. ಒಂದೇ ಪೆಟ್ಟು ಅಲ್ಲಿ ಕಂಪು, ಇಲ್ಲಿ ತಾಯಿಯ ಕಣ್ಣೀರು.

ಹಿಮಾಲಯದ ಪೈನ್ ಕಾಡುಗಳಲ್ಲಿ ಕಾಂಡವನ್ನು ಕೆತ್ತಿ, ಬಟ್ಟಲು ಕಟ್ಟಿ ರಾಳ ಸಂಗ್ರಹಿಸುವರು; ಅದನ್ನು ಬಟ್ಟಿಯಿಳಿಸಿದರೆ ಟರ್ಪೆಂಟೈನ್ ದೊರೆಯುತ್ತದೆ. ಹದವರಿತು ತೆಳುವಾಗಿ ಕೆತ್ತಿದರೆ ಮರ ಬಹುಕಾಲ ಬಾಳುತ್ತದೆ. ಲೋಭದಿಂದ ಆಳಕ್ಕೆ ಕೆತ್ತಿದರೆ ಗಾಳಿಗೆ ಮುರಿದು ಬೀಳುತ್ತದೆ, ಇಲ್ಲವೆ ಕಾಳ್ಗಿಚ್ಚಿಗೆ ತುತ್ತಾಗುತ್ತದೆ. ಕೆತ್ತುವ ಕೈಗೆ ಅಡ್ಡ ನಿಲ್ಲಲು ಇಂದು ಸಿಂಹವಿಲ್ಲ; ಕಂಪನ್ನು ಸವಿಯುವವರೇ ಮರವನ್ನೂ ಕಾಯಬೇಕಾಗಿದೆ.